ವೋಲ್ಟೇಜ್ ಇಳಿದಾಗ ಹೀಟರ್ ಲೆಕ್ಕ

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ವೋಲ್ಟೇಜ್ ಇಳಿದು ನೀರು ಕಾಯಲು ತಡವಾದರೆ, ಹೀಟರ್ ಕೆಟ್ಟಿದೆ ಅಂತ ಸುಮ್ನೆ ಅಂಗಡಿಗೆ ಒಯ್ಯಬೇಡಿ. ಮೊದಲು ಲೆಕ್ಕ ಹಾಕಿ.

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್ (ಕರೆಂಟಿಗೆ ತಂತಿ ಒಡ್ಡುವ ತಡೆ), ಓಮ್‌ನಲ್ಲಿ. ಎರಡನ್ನೂ ಗುಣಿಸಿದರೆ ಪವರ್, ವ್ಯಾಟ್‌ನಲ್ಲಿ. ಅಷ್ಟೇ.

ಹೀಟರ್ ಮೇಲೆ 230 ವೋಲ್ಟ್, 1000 ವ್ಯಾಟ್ ಅಂತ ಬರೆದಿದೆ ಅಂದುಕೊಳ್ಳಿ. 1000 ÷ 230 = 4.35 ಆಂಪ್. 230 ÷ 4.35 = ಸುಮಾರು 53 ಓಮ್. ಒಳಗಿರುವ ಕಾಯಿಲ್ ಸಾಮಾನ್ಯವಾಗಿ ನೈಕ್ರೋಮ್ (ನಿಕ್ಕಲ್-ಕ್ರೋಮಿಯಂ ಮಿಶ್ರಲೋಹ) ತಂತಿ. ಬಿಸಿಯಾದರೂ ಅದರ ರೆಸಿಸ್ಟೆನ್ಸ್ ಜಾಸ್ತಿ ಬದಲಾಗುವುದಿಲ್ಲ. ಈಗ ವೋಲ್ಟೇಜ್ 180 ಅನ್ನಿ. ಕರೆಂಟ್ 180 ÷ 53 = 3.4 ಆಂಪ್. ಪವರ್ 180 × 3.4 = 612 ವ್ಯಾಟ್! ವೋಲ್ಟೇಜ್ ಇಳಿದಿದ್ದು ಶೇ. 22, ಪವರ್ ಇಳಿದಿದ್ದು ಶೇ. 39. ವೋಲ್ಟೇಜ್ ಜೊತೆ ಕರೆಂಟೂ ಇಳಿಯುತ್ತದೆ ಅಲ್ವಾ, ಅದಕ್ಕೆ. ಅರ್ಧ ಗಂಟೆಯಲ್ಲಿ ಕಾಯುವ ನೀರಿಗೆ ಹತ್ತಿರ ಹತ್ತಿರ 50 ನಿಮಿಷ ಬೇಕು.

ಆದರೂ ಅನುಮಾನವಿದ್ದರೆ ಪ್ಲಗ್ ಕಿತ್ತು, ಹೀಟರ್ ಆರಿದ ಮೇಲೆ ಪ್ಲಗ್ಗಿನ ಎರಡು ಚಿಕ್ಕ ಪಿನ್‌ಗಳಿಗೆ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಹಿಡಿಯಿರಿ. ಸ್ವಿಚ್ ಇದ್ದರೆ ಆನ್ ಮಾಡಿರಿ. 53ರ ಆಸುಪಾಸು ಬಂದರೆ ಕಾಯಿಲ್ ಸರಿಯಿದೆ. ಏನೂ ತೋರಿಸದಿದ್ದರೆ ಕಾಯಿಲ್ ಅಥವಾ ವೈರ್ ಕಡಿದಿದೆ. ಹಳೇ ತಂತಿ ಬಲ್ಬಿಗೆ ಈ ಅಳತೆ ನಡೆಯಲ್ಲ, ಉರಿಯುವಾಗ ಅದರ ರೆಸಿಸ್ಟೆನ್ಸ್ ಎಷ್ಟೋ ಪಟ್ಟು ಏರುತ್ತದೆ.

ಅಡಿಕೆ ತೋಟದ ಪಂಪ್‌ಸೆಟ್ಟಿಗೂ ಇದೇ ಲೆಕ್ಕ ಹಾಕಬೇಡಿ. ಮೋಟಾರಿಗೆ ಪವರ್ ಫ್ಯಾಕ್ಟರ್ (ವೋಲ್ಟೇಜ್, ಕರೆಂಟ್ ಗುಣಿಸಿದ್ದರಲ್ಲಿ ನಿಜವಾದ ಪವರ್ ಎಷ್ಟು ಪಾಲು ಅನ್ನುವ ಲೆಕ್ಕ) ಬೇರೆ ಸೇರುತ್ತದೆ. ಲೋಡ್ ಇರುವಾಗ ವೋಲ್ಟೇಜ್ ಇಳಿದರೆ ಅದು ಕರೆಂಟ್ ಜಾಸ್ತಿ ಎಳೆದು ಬಿಸಿಯಾಗುತ್ತದೆ. ತೀರಾ ಇಳಿದಾಗ ಪಂಪ್ ಹಾಕದಿರುವುದೇ ವಾಸಿ.