ಚಾನೆಲ್ ಎಣಿಸೋದು ಬಿಟ್ಟು ಕಿವಿ ಎಣಿಸಿದ್ವಿ: ನಮ್ಮ ಬ್ಯಾಂಡಿಗೆ ಮಿಕ್ಸರ್, ಮಾನಿಟರ್ ಆರಿಸಿದ ಅನುಭವ

ನಮ್ದು ಐದು ಜನರ ಬ್ಯಾಂಡು. ಲೀಡ್ ಸಿಂಗರ್ ಒಬ್ಬರು ಅಕ್ಕ, ಇನ್ನೊಬ್ಬ ಹಾಡ್ತಾ ಅಕೂಸ್ಟಿಕ್ ಗಿಟಾರ್ ನುಡಿಸ್ತಾನೆ, ನಾನು ಕೀಬೋರ್ಡು, ಆಮೇಲೆ ಬೇಸು, ಡ್ರಮ್ಸು. ಎಲ್ಲ ಮೈಕು, ವಾದ್ಯಗಳ ಶಬ್ದ ಸೇರಿಸಿ ಕಳಿಸೋ ಮಿಕ್ಸರ್, ಸ್ಟೇಜ್ ಮೇಲಿರೋ ನಮಗೇ ಕೇಳಿಸ್ಲಿ ಅಂತ ಇಡೋ ಸ್ಪೀಕರ್ ಅಂದ್ರೆ ಮಾನಿಟರ್, ಇವೆರಡೂ ಇರೋ ಸ್ವಂತ ಸೆಟ್ ಇರ್ಲೇಬೇಕು ಅಂತ ಅನ್ನಿಸಿದ್ದು ಒಂದೇ ಕಾರಣಕ್ಕೆ. ಪ್ರತಿ ಸಲ ಕಾರ್ಯಕ್ರಮ ಮುಗಿದ್ಮೇಲೆ ಅಕ್ಕ ಗಂಟಲು ಹಿಡ್ಕೊಂಡು "ನನ್ ಧ್ವನಿ ನಂಗೇ ಕೇಳಿಸ್ಲಿಲ್ಲ ಕಣೋ, ಇವತ್ತೂ ಕಿರುಚ್ಕೊಂಡೇ ಹಾಡ್ದೆ" ಅಂತಿದ್ರು. ಹಾಡೋರಿಗೆ ತಮ್ಮ ಧ್ವನಿ ಕೇಳಿಸ್ದೇ ಇದ್ರೆ ಶ್ರುತಿ ನಿಲ್ಲಲ್ಲ, ಜೋರು ಮಾಡ್ತಾ ಮಾಡ್ತಾ ಗಂಟಲು ಹೋಗುತ್ತೆ. ಎದುರುಗಡೆ ಕೂತೋರಿಗೆ ಎಷ್ಟು ಚೆನ್ನಾಗಿ ಕೇಳಿಸಿದ್ರೂ ಅದರಿಂದ ಅವರಿಗೇನೂ ಸಹಾಯ ಆಗಲ್ಲ.

ಮೊದಲು ತಗೊಂಡ ಮಿಕ್ಸರ್ ತಪ್ಪು ಆಯ್ಕೆ ಆಯ್ತು. ಡಬ್ಬದ ಮೇಲೆ 12 ಚಾನೆಲ್ ಅಂತ ಇತ್ತು, ನಮಗೆ ಎಂಟೇ ಸಾಕಲ್ಲ ಅಂದ್ಕೊಂಡು ಖುಷಿಯಾಗಿ ತಗೊಂಡ್ವಿ. ಮನೆಗೆ ತಂದು ತೆಗೆದು ನೋಡಿದ್ರೆ ಮೈಕ್ ಹಾಕೋ ಎಕ್ಸ್‌ಎಲ್‌ಆರ್ ಸಾಕೆಟ್ ಇದ್ದಿದ್ದು ನಾಲ್ಕೇ ನಾಲ್ಕು, ಮಿಕ್ಕಿದ್ದೆಲ್ಲ ಎರಡೆರಡು ಸೇರಿಸಿ ಸ್ಟೀರಿಯೋ ಲೈನ್ ಇನ್‌ಪುಟ್. ಕೀಬೋರ್ಡಿಗೆ ಅದು ಸರಿ, ಮೈಕಿಗೆ ಆಗಲ್ಲ. ನಮಗೆ ಬೇಕಾಗಿದ್ದಿದ್ದು ಹಾಡೋ ಮೈಕ್ ಎರಡು, ಗಿಟಾರ್ ಡಿಐ (ವಾದ್ಯದ ಸಿಗ್ನಲನ್ನ ಮೈಕ್ ಸಾಕೆಟ್ಟಿಗೆ ಹೊಂದಿಸೋ ಡಬ್ಬಿ) ಒಂದು, ಬೇಸ್ ಡಿಐ ಒಂದು, ಕಿಕ್ಕಿಗೆ ಅಂದ್ರೆ ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್ಮಿಗೆ ಒಂದು, ಡ್ರಮ್ಸ್ ಮೇಲೆ ತೂಗೋ ಓವರ್‌ಹೆಡ್ ಮೈಕ್ ಒಂದು, ಒಟ್ಟು ಆರು ಮೈಕ್ ಪ್ರೀಆಂಪ್, ಅಂದ್ರೆ ಮೈಕಿನ ಸಣ್ಣ ಸಿಗ್ನಲನ್ನ ದೊಡ್ಡದು ಮಾಡೋ ಇನ್‌ಪುಟ್. ಹಾಗಾಗಿ ಡಬ್ಬದ ಮೇಲಿನ ನಂಬರ್ ನೋಡ್ಬೇಡಿ, ಮೈಕ್ ಸಾಕೆಟ್ ಎಷ್ಟಿದೆ ಅಂತ ಬೆರಳಿಟ್ಟು ಎಣಿಸಿ.

ಅದಕ್ಕಿಂತ ದೊಡ್ಡ ಸಮಸ್ಯೆ ಆಕ್ಸ್‌ದು, ಅಂದ್ರೆ ಮಾನಿಟರಿಗೋ ಬೇರೆಲ್ಲಿಗೋ ಪ್ರತ್ಯೇಕ ಮಿಕ್ಸ್ ಕಳಿಸೋ ದಾರಿದು. ಆ ಮಿಕ್ಸರಲ್ಲಿ ಆಕ್ಸ್ ಇದ್ದಿದ್ದೇ ಒಂದು, ಅದೂ ಪೋಸ್ಟ್ ಫೇಡರ್, ರಿವರ್ಬ್ ಅಂದ್ರೆ ಧ್ವನಿಗೆ ಗುಂಗು ಸೇರಿಸೋ ಎಫೆಕ್ಟಿಗೆ ಕಳಿಸೋಕೆ ಅಂತ ಇಟ್ಟಿದ್ದು. ಪೋಸ್ಟ್ ಫೇಡರ್ ಅಂದ್ರೆ ಫೇಡರ್ (ಹೊರಗಿನ ಶಬ್ದ ಏರಿಸಿ ಇಳಿಸೋ ಜಾರುಗುಂಡಿ) ದಾಟಿದ ಮೇಲೆ ಸಿಗ್ನಲ್ ಆಕ್ಸಿಗೆ ಹೋಗುತ್ತೆ, ಸೋ ಹೊರಗೆ ಧ್ವನಿ ಜಾಸ್ತಿ ಆಯ್ತು ಅಂತ ಫೇಡರ್ ಇಳಿಸಿದ್ರೆ ಮಾನಿಟರಲ್ಲೂ ಇಳಿಯುತ್ತೆ, ಏರಿಸಿದ್ರೆ ಅಲ್ಲೂ ಏರಿ ಕುಯ್ಯಂತ ಕೂಗುತ್ತೆ. ನಮ್ಮ ಮೊದಲನೇ ಕಾರ್ಯಕ್ರಮದಲ್ಲಿ ಆಗಿದ್ದು ಇದೇ, ನಿಧಾನದ ಹಾಡಿನ ಮಧ್ಯ ಹೊರಗಡೆ ಅಕ್ಕನ ಧ್ವನಿ ಸ್ವಲ್ಪ ಮೇಲೆ ತಂದ ತಕ್ಷಣ ಅವರ ಕಾಲ ಹತ್ರ ಇದ್ದ ಮಾನಿಟರ್ ಕಿರುಚಿತು, ಅವರು ಬೆಚ್ಚಿ ಸಾಲೇ ಮರೆತ್ರು. ಮಾನಿಟರಿಗೆ ಬೇಕಾಗಿರೋದು ಪ್ರೀ ಫೇಡರ್ ಆಕ್ಸ್, ಅಂದ್ರೆ ಫೇಡರಿಗೂ ಮುಂಚೆನೇ ಸಿಗ್ನಲ್ ತಗೊಳ್ಳೋದು, ಹೊರಗಿನ ಫೇಡರ್ ಏನೇ ಆದ್ರೂ ಸ್ಟೇಜ್ ಮೇಲಿನ ಮಿಕ್ಸ್ ಅಲ್ಲಾಡಬಾರ್ದು. ಕೆಲವು ಮಿಕ್ಸರಲ್ಲಿ ಪಕ್ಕದಲ್ಲೇ ಪ್ರೀ/ಪೋಸ್ಟ್ ಬಟನ್ ಇರುತ್ತೆ, ಆ ಬಟನ್ ಇದ್ಯಾ ಅಂತ ಹುಡುಕೋದೇ ಮೊದಲ ಕೆಲಸ.

ಆಮೇಲೆ ಕೂತ್ಕೊಂಡು ಲೆಕ್ಕ ಹಾಕಿದ್ವಿ, ಈ ಸಲ ಚಾನೆಲ್ ಅಲ್ಲ, ಕಿವಿ. ಯಾರ್ಯಾರಿಗೆ ಬೇರೆ ಬೇರೆ ಮಿಕ್ಸ್ ಬೇಕು? ಅಕ್ಕನಿಗೆ ಅವರ ಧ್ವನಿ, ಶ್ರುತಿಗೆ ಸ್ವಲ್ಪ ಕೀಬೋರ್ಡು. ಗಿಟಾರ್ ಹುಡುಗನಿಗೆ ಅವನ ಧ್ವನಿ, ಅವನ ಗಿಟಾರು. ಡ್ರಮ್ಮರಿಗೆ ಬೇಸು ಮತ್ತೆ ಹಾಡು. ನನಗೆ ನನ್ನ ಕೀಬೋರ್ಡು, ಯಾಕಂದ್ರೆ ಮಾನಿಟರ್ ಬಿಟ್ರೆ ಅದರ ಶಬ್ದ ಬೇರೆ ಎಲ್ಲಿಂದ್ಲೂ ಬರಲ್ಲ. ಬೇಸಿನವನಿಗೆ ಅವನ ಆಂಪ್ ಹಿಂದೆನೇ ಇದೆ. ಅಲ್ಲಿಗೆ ನಾಲ್ಕು ಪ್ರೀ ಫೇಡರ್ ಆಕ್ಸ್ ಆಯ್ತು. ಅನಲಾಗ್‌ನಲ್ಲಿ ನಾಲ್ಕು ಪ್ರೀ ಆಕ್ಸ್ ಬೇಕು ಅಂದ್ರೆ ಸಾಮಾನ್ಯವಾಗಿ ದೊಡ್ಡ ಬೋರ್ಡಿಗೇ ಹೋಗ್ಬೇಕು, ನಮ್ಮ ಕೈಗೆ ಎಟುಕೋ ದುಡ್ಡಲ್ಲಿ ಅದು ಸಿಗ್ಲಿಲ್ಲ. ಅದಕ್ಕೆ ಟ್ಯಾಬ್ಲೆಟ್‌ನಿಂದ ಕಂಟ್ರೋಲ್ ಮಾಡೋ ಡಿಜಿಟಲ್ ರ‍್ಯಾಕ್ ಮಿಕ್ಸರ್ ಕಡೆ ತಿರುಗಿದ್ವಿ, ಸೆಕೆಂಡ್ ಹ್ಯಾಂಡ್ ಬೆರಿಂಜರ್ ಎಕ್ಸ್‌ಆರ್ 18 ಸಿಕ್ತು. 16 ಮೈಕ್ ಪ್ರೀಆಂಪ್, 6 ಆಕ್ಸ್ ಔಟ್, ರಿವರ್ಬ್ ಒಳಗೇ ಇದೆ, ಸೋ ಅದಕ್ಕೋಸ್ಕರ ಆಕ್ಸ್ ಔಟ್ ಕಳ್ಕೊಳ್ಳೋದಿಲ್ಲ. ಅದೇ ಸಾಲಿನಲ್ಲಿ ಎಕ್ಸ್‌ಆರ್ 12 ಅಂತ ಕಡಿಮೆದೂ ಇದೆ, ಆದ್ರೆ ಅದರಲ್ಲಿ ಮೈಕ್ ಪ್ರೀಆಂಪ್ ನಾಲ್ಕು, ಆಕ್ಸ್ ಔಟ್ ಎರಡು, ನಮ್ಮ ಲೆಕ್ಕಕ್ಕೆ ಸಾಲಲ್ಲ. ವೈಫೈಗೆ ಬೇರೆ ರೌಟರ್ ಇಟ್ಟು 5 ಗಿಗಾಹರ್ಟ್ಸ್‌ನಲ್ಲಿ ಓಡಿಸ್ತೀವಿ, ಜನ ತುಂಬಿದ ಹಾಲ್‌ನಲ್ಲಿ ಎಲ್ಲರ ಜೇಬಿನ ಫೋನೂ ಸೇರಿ 2.4 ಗಿಗಾಹರ್ಟ್ಸ್ ಕಿಕ್ಕಿರಿದಿರುತ್ತೆ. ಇಬ್ಬರೋ ಮೂವರೋ ಇರೋ ಗುಂಪಾದ್ರೆ ಇಷ್ಟೆಲ್ಲ ಬೇಡ, ಆರು ಮೈಕ್ ಸಾಕೆಟ್, ಎರಡು ಪ್ರೀ ಆಕ್ಸ್ ಇರೋ ಅನಲಾಗ್ ಬೋರ್ಡ್ ಧಾರಾಳ ಆಯ್ತು, ಕೈಯಲ್ಲಿ ತಿರುಗಿಸೋ ನಾಬ್ ಇರೋ ನೆಮ್ಮದಿಯೇ ಬೇರೆ.

ಇನ್ನು ಮಾನಿಟರ್. ಪರಿಚಯದವರ ಹತ್ರ ಹಳೇ ಪ್ಯಾಸಿವ್ ವೆಡ್ಜ್ ಮೂರು ಸಿಕ್ಕಿದ್ವು, ಅಂದ್ರೆ ನೆಲದ ಮೇಲೆ ಓರೆಯಾಗಿ ಇಡೋ, ಒಳಗೆ ಆಂಪ್ ಇಲ್ಲದ ಮಾನಿಟರ್. ಅವನ್ನ ಓಡಿಸೋಕೆ ಒಂದು ಪವರ್ ಆಂಪೂ ಇತ್ತು, ಇದ್ರಲ್ಲೇ ಮುಗಿಸೋಣ ಅಂತ ಮೂರನ್ನೂ ಒಂದರಿಂದ ಒಂದಕ್ಕೆ ಜೋಡಿಸಿ ಆಂಪಿನ ಒಂದೇ ಚಾನೆಲ್‌ಗೆ ಹಾಕಿದ್ವಿ. ನಾಲ್ಕನೇ ಹಾಡಿನ ಹೊತ್ತಿಗೆ ಆಂಪ್ ಪ್ರೊಟೆಕ್ಟಿಗೆ ಹೋಯ್ತು (ಸುಟ್ಟು ಹೋಗ್ದೇ ಇರ್ಲಿ ಅಂತ ತಾನೇ ನಿಂತ್ಕೊಳ್ತು), ಕೆಂಪು ಲೈಟ್ ಬಂತು, ಸ್ಟೇಜ್ ಪೂರ್ತಿ ಸುಮ್ನಾಯ್ತು. ಮುಟ್ಟಿ ನೋಡಿದ್ರೆ ಆಂಪಿನ ಮೈ ಕಾದ ಹೆಂಚಿನ ಹಾಗೆ ಸುಡ್ತಿತ್ತು. ತಪ್ಪು ಆಂಪಿಂದಲ್ಲ. ಸ್ಪೀಕರಿನ ಓಮ್ ಕಡಿಮೆ ಆದಷ್ಟೂ ಆಂಪ್ ಜಾಸ್ತಿ ಕರೆಂಟ್ ಕೊಡ್ಬೇಕು. ಒಂದೊಂದು ವೆಡ್ಜೂ 8 ಓಮ್, ಪ್ಯಾರಲಲ್ ಆಗಿ ಎರಡು ಸೇರಿದ್ರೆ 4 ಓಮ್, ಮೂರು ಸೇರಿದ್ರೆ ಸುಮಾರು 2.7 ಓಮ್. ಆಂಪಿನ ಬೆನ್ನ ಮೇಲೆ ಕನಿಷ್ಠ 4 ಓಮ್ ಅಂತ ಸ್ಪಷ್ಟವಾಗಿ ಬರೆದಿತ್ತು, ನಾವು ಓದಿರ್ಲಿಲ್ಲ. ಪ್ಯಾಸಿವ್ ತಗೊಳ್ಳೋದಾದ್ರೆ ಒಂದು ಚಾನೆಲ್ಲಿಗೆ ಎರಡೇ ಅಂತ ಗಟ್ಟಿ ಮಾಡ್ಕೊಳ್ಳಿ, ಮತ್ತೆ ಆಂಪಿಂದ ಸ್ಪೀಕರಿಗೆ ಗಿಟಾರ್ ಕೇಬಲ್ ಹಾಕ್ಬೇಡಿ, ಅದರೊಳಗಿನ ತಂತಿ ತೀರಾ ಸಣ್ಣ, ಅಷ್ಟು ಕರೆಂಟ್ ತಡ್ಕೊಳ್ಳಲ್ಲ. ಸ್ಪೀಕಾನ್ ಅನ್ನೋ ಸ್ಪೀಕರ್ ಪ್ಲಗ್ ಇರೋ ದಪ್ಪ ಸ್ಪೀಕರ್ ಕೇಬಲ್ಲೇ ಬೇಕು.

ವಾಟ್ಸ್ ವಿಷ್ಯದಲ್ಲಿ ನಾನು ತುಂಬಾ ತಲೆ ಕೆಡಿಸ್ಕೊಂಡಿದ್ದೆ. 1000 ವಾಟ್ಸ್ ಅಂತ ದೊಡ್ಡಕ್ಷರದಲ್ಲಿ ಹಾಕಿರೋದು ಸಾಮಾನ್ಯವಾಗಿ ಪೀಕ್, ಅಂದ್ರೆ ಕ್ಷಣಮಾತ್ರದ್ದು, ನಿರಂತರವಾಗಿ ತಡ್ಕೊಳ್ಳೋದು ಎಷ್ಟೋ ಸಲ ಅದರ ಕಾಲು ಭಾಗ ಮಾತ್ರ. ವಾಟ್ಸ್ ಎರಡು ಪಟ್ಟು ಆದ್ರೆ ಶಬ್ದ ಏರೋದು 3 ಡಿಬಿ (ಡೆಸಿಬೆಲ್, ಶಬ್ದದ ಮಟ್ಟದ ಅಳತೆ) ಅಷ್ಟೇ, ಕಿವಿಗೆ ಎರಡು ಪಟ್ಟು ಜೋರು ಅನ್ನಿಸ್ಬೇಕಾದ್ರೆ ಹೆಚ್ಚುಕಮ್ಮಿ 10 ಡಿಬಿ ಬೇಕು, ಅಂದ್ರೆ ಹತ್ತು ಪಟ್ಟು ವಾಟ್ಸ್! ಅದರ ಬದಲು ಸ್ಪೀಕರಿನ ಸೆನ್ಸಿಟಿವಿಟಿ ನೋಡಿ, ಅಂದ್ರೆ ಅಷ್ಟೇ ವಾಟ್ಸ್‌ಗೆ ಅದು ಎಷ್ಟು ಜೋರಾಗಿ ನುಡಿಯುತ್ತೆ ಅಂತ, 90 ಡಿಬಿ ಇರೋದಕ್ಕೂ 96 ಡಿಬಿ ಇರೋದಕ್ಕೂ ಇರೋ ವ್ಯತ್ಯಾಸ ನಾಲ್ಕು ಪಟ್ಟು ವಾಟ್ಸ್‌ಗೆ ಸಮ. ಇನ್ನೂ ಒಂದು, ಇದಕ್ಕೆ ದುಡ್ಡೇ ಬೇಡ, ಮಾನಿಟರನ್ನ ಹತ್ರ ತನ್ನಿ. ದೂರ ಅರ್ಧ ಆದ್ರೆ 6 ಡಿಬಿ ತನಗೆ ತಾನೇ ಸಿಗುತ್ತೆ.

ಕೊನೆಗೆ ತಗೊಂಡಿದ್ದು 10 ಇಂಚಿನ ಆಕ್ಟಿವ್ ವೆಡ್ಜ್ ಎರಡು, ಹಾಡೋ ಇಬ್ಬರಿಗೆ. ಆಂಪ್ ಒಳಗೇ ಇರುತ್ತೆ, ಓಮ್ ಲೆಕ್ಕ ಇಲ್ಲ, ಒಂದು ಕೆಟ್ರೂ ಇನ್ನೊಂದು ಓಡುತ್ತೆ. ನನಗೂ ಡ್ರಮ್ಮರಿಗೂ ವೆಡ್ಜ್ ಬೇಡ ಅಂತ ತೀರ್ಮಾನ ಮಾಡಿ ವೈರ್ ಇರೋ ಇಯರ್‌ಫೋನು, ಒಂದು ಚಿಕ್ಕ ಹೆಡ್‌ಫೋನ್ ಆಂಪು ತಂದ್ವಿ. ಇಬ್ಬರೂ ಕೂತಲ್ಲೇ ನುಡಿಸೋರು, ವೈರ್‌ಲೆಸ್ ಯಾಕೆ ಬೇಕು? ಡ್ರಮ್ಸ್ ಪಕ್ಕದಲ್ಲಿ ವೆಡ್ಜ್ ಇಟ್ರೆ ಡ್ರಮ್ಸನ್ನೂ ಮೀರಿಸೋ ಹಾಗೆ ಕೂಗಿಸ್ಬೇಕು, ಅದು ಎಲ್ಲ ಮೈಕಿಗೂ ನುಗ್ಗುತ್ತೆ. ಈ ಒಂದು ಬದಲಾವಣೆಯಿಂದ ಸ್ಟೇಜ್ ಮೇಲಿನ ಗದ್ದಲ ಇಳಿದಿದ್ದು ನೋಡಿ ನಂಗೆ ನಿಜವಾಗ್ಲೂ ಆಶ್ಚರ್ಯ ಆಯ್ತು.

ಆ ವೆಡ್ಜ್ ಇಡೋದು ಹೇಗೆ ಅಂತ ಒಂದು ಸಂಜೆ ಪೂರ್ತಿ ಪ್ರಾಕ್ಟೀಸ್ ರೂಮಲ್ಲಿ ಕಳೆದ್ವಿ. ಅಕ್ಕಂದು ಶೂರ್ ಎಸ್‌ಎಂ 58, ಮುಖ್ಯವಾಗಿ ಮುಂದಿನಿಂದ ಕೇಳಿಸ್ಕೊಳ್ಳೋ ಕಾರ್ಡಿಯಾಯ್ಡ್ ಮೈಕ್, ಅದಕ್ಕೆ ಕಿವಿ ಕಿವುಡಾಗಿರೋದು ಸರಿಯಾಗಿ ಬೆನ್ನ ಹಿಂದೆ, ಹಾಗಾಗಿ ವೆಡ್ಜ್ ಅಕ್ಕನ ನೇರ ಎದುರಿಗೆ, ಮೈಕಿನ ಬೆನ್ನ ಕಡೆ ಬರ್ಬೇಕು. ಗಿಟಾರ್ ಹುಡುಗಂದು ಬೀಟಾ 58ಎ, ಸೂಪರ್ ಕಾರ್ಡಿಯಾಯ್ಡ್, ಅದು ಬೆನ್ನಿಂದ ಸ್ವಲ್ಪ ಕೇಳಿಸ್ಕೊಳ್ಳುತ್ತೆ, ಕಿವುಡಾಗೋದು ಮೈಕಿನ ಮುಂಭಾಗದಿಂದ ಎರಡೂ ಕಡೆ 120 ಡಿಗ್ರಿ ಆಸುಪಾಸಲ್ಲಿ, ಅವನ ವೆಡ್ಜನ್ನ ಎದುರಿಂದ ಪಕ್ಕಕ್ಕೆ ಸರಿಸಿದ್ಮೇಲೆ ಎಷ್ಟೋ ಸರಿಹೋಯ್ತು. ಆಮೇಲೆ ನಿಧಾನಕ್ಕೆ ಆಕ್ಸ್ ಏರಿಸ್ತಾ ಹೋದೆ. ಮೊದಲು ಒಂದು ತೆಳು ಗುಂಯ್ ಅಂತ ಬರುತ್ತೆ, ಅದು ಕೂಗೋಕೆ ಮುಂಚೆನೇ ಆಕ್ಸಿನ ಗ್ರಾಫಿಕ್ ಈಕ್ಯೂನಲ್ಲಿ (ಒಂದೊಂದು ಸ್ವರ ಪಟ್ಟಿಯನ್ನೂ ಬೇರೆಯಾಗಿ ಏರಿಸಿ ಇಳಿಸೋದು) ಆ ಪಟ್ಟಿ ಹುಡುಕಿ ಮೂರು ಡಿಬಿ ಇಳಿಸ್ದೆ, ಮತ್ತೆ ಏರಿಸ್ದೆ, ಇನ್ನೊಂದು ಬಂತು, ಅದನ್ನೂ ಇಳಿಸ್ದೆ. ಮೂರೋ ನಾಲ್ಕೋ ಕಡೆ ಸಾಕು, ಅದಕ್ಕಿಂತ ಜಾಸ್ತಿ ಕಡಿದ್ರೆ ಧ್ವನಿ ಡಬ್ಬದೊಳಗಿಂದ ಬಂದ ಹಾಗಾಗುತ್ತೆ. ಹಾಡೋ ಮೈಕಿಗೆಲ್ಲ 100 ಹರ್ಟ್ಸ್ ಲೋ ಕಟ್ ಹಾಕಿಟ್ವಿ, ಅಂದ್ರೆ ಅದಕ್ಕಿಂತ ಕೆಳಗಿನ ಗುಡುಗುಡು ಶಬ್ದ ತೆಗೆದ್ವಿ. ಮೈಕಿನ ಜಾಲರಿಯನ್ನ ಕೈಯಲ್ಲಿ ಮುಚ್ಚಿ ಹಿಡಿಯೋ ಅಭ್ಯಾಸ ಇದ್ರೆ ಈ ಕಷ್ಟ ಎಲ್ಲ ನೀರಲ್ಲಿ ಹೋಮ, ಮುಚ್ಚಿದ ತಕ್ಷಣ ಮೈಕ್ ಎಲ್ಲ ದಿಕ್ಕಿಂದ್ಲೂ ಕೇಳಿಸ್ಕೊಳ್ಳೋಕೆ ಶುರು ಮಾಡುತ್ತೆ. ಗಿಟಾರ್ ಹುಡುಗನಿಗೆ ಆ ಅಭ್ಯಾಸ ಬಿಡಿಸೋಕೆ ಎರಡು ವಾರ ಹಿಡೀತು.

ಆ ಸಂಜೆ ಎಲ್ಲ ಮುಗಿದ್ಮೇಲೆ ಅಕ್ಕ ಮೈಕ್ ಮುಂದೆ ನಿಂತು ಹಾಡೋ ಬದಲು ಸುಮ್ನೆ ಒಂದು ಸ್ವರ ಗುನುಗಿದ್ರು, ಮೆಲ್ಲಗೆ, ಮಗು ಮಲಗಿಸೋವಾಗ ಗುನುಗೋ ಹಾಗೆ. ವೆಡ್ಜಲ್ಲಿ ಅವರ ಉಸಿರೆಳೆದಿದ್ದೂ ಕೇಳಿಸ್ತು. "ಇಷ್ಟೇ ಸಾಕು ಕಣೋ, ಇನ್ನು ಇದನ್ನ ಮುಟ್ಬೇಡ" ಅಂದ್ರು. ಆ ಸೆಟ್ಟಿಂಗನ್ನ ಆವತ್ತೇ ಮಿಕ್ಸರಲ್ಲಿ ಸೇವ್ ಮಾಡಿಟ್ಟೆ, ಈಗ್ಲೂ ಪ್ರತಿ ಕಾರ್ಯಕ್ರಮಕ್ಕೆ ಅಲ್ಲಿಂದಾನೇ ಶುರು ಮಾಡೋದು.