ಬೋರ್ಡಿಗೆ ನೋಟಿಸ್ ಅಂಟುವ ಮುಂಚೆ ಅಮ್ಮನಿಗೆ ಹೇಳಿ

ನಾನು ಮೈಸೂರಿನವಳು, ನನ್ನ ಗಂಡ ಕೀನ್ಯಾದವರು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದೆವು. ಇದರಲ್ಲಿ ಜಾತಿ, ಧರ್ಮ, ಬಣ್ಣ, ದೇಶ ಯಾವುದೂ ಅಡ್ಡಿಯಲ್ಲ. ಯಾರೂ ಮತಾಂತರ ಆಗಬೇಕಿಲ್ಲ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಮೊದಲ ಮದುವೆ ಉಳಿದಿರಬಾರದು, ಕಾಯ್ದೆ ನಿಷೇಧಿಸಿದ ಹತ್ತಿರದ ಸಂಬಂಧ ಇರಬಾರದು, ತಿಳಿದು ಒಪ್ಪುವ ಮನಸ್ಥಿತಿ ಇರಬೇಕು. ಅಷ್ಟೇ.

ಮೊದಲು ದಿನ ಲೆಕ್ಕ ಹಾಕಿ. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ಆಮೇಲೆ ಮದುವೆಯಾಗುತ್ತೇವೆ ಎಂದು ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ತಕರಾರಿಗೆ 30 ದಿನ ಬಿಡುತ್ತಾರೆ. ವಿದೇಶಿಯರ ವೀಸಾ ಇಷ್ಟು ದಿನಕ್ಕೆ ಸಾಲಬೇಕು. ಅವಿವಾಹಿತ ಎಂಬ ಪತ್ರವನ್ನು ಅವರ ರಾಯಭಾರ ಕಚೇರಿಯಿಂದ ಮೊದಲೇ ತರಿಸಿಕೊಳ್ಳಿ.

ನಾನು ತಪ್ಪಿದ್ದು ಈ 30 ದಿನದಲ್ಲೇ. ಸ್ವಲ್ಪ ತಡೆದು ಅಮ್ಮನಿಗೆ ಹೇಳೋಣ ಅಂದುಕೊಂಡಿದ್ದೆ. ಸೈಟಿನ ಕೆಲಸಕ್ಕೆ ಅದೇ ಕಚೇರಿಗೆ ಹೋಗಿದ್ದ ನೆಂಟರೊಬ್ಬರು ಬೋರ್ಡಿನಲ್ಲಿ ನಮ್ಮ ಹೆಸರು ಓದಿದರು. ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟಿತು. "ಊರವರ ಬಾಯಿಂದ ಕೇಳಬೇಕಾಯ್ತಲ್ಲ, ನನ್ನ ಹತ್ರ ಹೇಳೋಕಾಗ್ಲಿಲ್ವಾ?" ಅಂದರು ಅಮ್ಮ. ಹುಡುಗನ ಬಣ್ಣದ ಮಾತು ಬಂದದ್ದು ಆಮೇಲೆ. ಅವರ ಹತ್ತಿರ ಮೊದಲೇ ಕೂತು ಮಾತಾಡಬೇಕಿತ್ತು.

ಆದರೆ ಹೊಡೆಯುವ, ಕೂಡಿಹಾಕುವ ಭಯವಿದ್ದರೆ ಈ ಮಾತು ನಿಮಗಲ್ಲ. ಮೊದಲು ಭದ್ರವಾದ ಜಾಗ ಸೇರಿ, ವಕೀಲರನ್ನು ನೋಡಿ, ಪೊಲೀಸರಿಗೆ ಬರಹದಲ್ಲಿ ದೂರು ಕೊಡಿ. ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆಯವರ, ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಕಚೇರಿಯಲ್ಲಿ ಒಬ್ಬರು "ತಂದೆ ಸಹಿ ತನ್ನಿ" ಅಂದರು. ಕಾಯ್ದೆಯಲ್ಲಿ ಅದು ಇಲ್ಲವೇ ಇಲ್ಲ. ಯಾವ ಸೆಕ್ಷನ್ ಅಂತ ಮೆಲ್ಲಗೆ ಕೇಳಿ, ನಾನೂ ಹಾಗೇ ಕೇಳಿದೆ. ತಕರಾರು ಬಂದರೂ ಹೆದರಬೇಡಿ. ಮೇಲೆ ಹೇಳಿದ ಷರತ್ತು ಮುರಿದಿದ್ದರೆ ಮಾತ್ರ ಅದಕ್ಕೆ ಬೆಲೆ. "ಹುಡುಗ ಕಪ್ಪು", "ಮನೆ ಮರ್ಯಾದೆ ಹೋಯ್ತು" ಅನ್ನುವುದು ತಕರಾರೇ ಅಲ್ಲ. ಅಧಿಕಾರಿ 30 ದಿನದಲ್ಲಿ ತೀರ್ಮಾನಿಸಬೇಕು. ಅವರು ಮದುವೆಗೆ ಒಪ್ಪದಿದ್ದರೆ ನಿಮಗೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಲು ಇನ್ನೂ 30 ದಿನ ಇರುತ್ತದೆ.

ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಮುಗಿಸಿ, ಇಲ್ಲದಿದ್ದರೆ ಮತ್ತೆ ಮೊದಲಿಂದ ಶುರು. ಆ ದಿನ ಮೂರು ಸಾಕ್ಷಿಗಳು ಬೇಕು. ನಮಗೆ ಚಿಕ್ಕಮ್ಮ ಮತ್ತು ಇಬ್ಬರು ಗೆಳೆಯರು ಸಹಿ ಹಾಕಿದರು, ಅಮ್ಮ ಬರಲಿಲ್ಲ. ಪ್ರಮಾಣಪತ್ರದ ದೃಢೀಕೃತ ನಕಲು ಒಂದೆರಡು ಜಾಸ್ತಿಯೇ ತೆಗೆದುಕೊಳ್ಳಿ. ಗಂಡನ ವೀಸಾ ಬದಲಿಸಲು ಬೇಕಾಗುತ್ತದೆ.