ಇಂಜಿನ್ ಬದಲಿಸಿದರೂ ಕಾರಿನ ಇಮ್ಮೊಬಿಲೈಸರ್ ಉಳಿಸಿಕೊಂಡದ್ದು: ನನ್ನ ಅನುಭವ

ತುಂಬಿ ಹರಿಯುವ ಹಳ್ಳಕ್ಕೆ ಕಾರು ಇಳಿಸಿದಾಗ ಏರ್ ಫಿಲ್ಟರಿನ ದಾರಿಯಲ್ಲಿ ನೀರು ಸಿಲಿಂಡರ್ ಸೇರಿ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗುವುದು ಮಲೆನಾಡಿನ ಗ್ಯಾರೇಜುಗಳಿಗೆ ಮಳೆಗಾಲದ ಮಾಮೂಲು ಕೆಲಸ. ಹೊಸನಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರ ಡೀಸೆಲ್ ಕಾರು ಸಾಗರದ ನನ್ನ ಗ್ಯಾರೇಜಿಗೆ ಬಂದಾಗ ರಾಡ್ ಮುರಿದು ಬ್ಲಾಕನ್ನೇ ಒಡೆದಿತ್ತು. ಹೀಗಾಗಿ ಅದೇ ಮಾದರಿಯ ಬೇರೊಂದು ಇಂಜಿನ್ ತಂದು ಕೂರಿಸುವುದೆಂದು ತೀರ್ಮಾನವಾಯಿತು. ಇಂತಹ ಕೆಲಸದಲ್ಲಿ ಇಂಜಿನ್ ಇಳಿಸಿ ಏರಿಸುವುದಕ್ಕಿಂತ ಹೆಚ್ಚು ಯೋಚನೆ ಬೇಡುವುದು ಕಂಪನಿಯಿಂದಲೇ ಬಂದಿರುವ ಕಳ್ಳತನ ತಡೆ ವ್ಯವಸ್ಥೆ, ಅಂದರೆ ಇಮ್ಮೊಬಿಲೈಸರ್.

ಕೀಲಿಯ ಪ್ಲಾಸ್ಟಿಕ್ ತಲೆಯೊಳಗೆ ಬ್ಯಾಟರಿ ಬೇಡದ ಒಂದು ಚಿಪ್ ಇರುತ್ತದೆ. ರಿಮೋಟಿನ ಸೆಲ್ ಸತ್ತರೂ ಇದಕ್ಕೆ ತೊಂದರೆಯಿಲ್ಲ. ಇಗ್ನಿಷನ್ ಲಾಕಿನ ಸುತ್ತಲಿರುವ ತಾಮ್ರದ ಸುರುಳಿಯು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ತರಂಗದಿಂದ ಆ ಚಿಪ್ಪಿಗೆ ಶಕ್ತಿ ಕೊಟ್ಟು ಅದರ ಗುರುತನ್ನು ಓದುತ್ತದೆ. ಇಮ್ಮೊಬಿಲೈಸರ್ ಘಟಕ ಆ ಗುರುತನ್ನು ಒಪ್ಪಿ ಇಸಿಎಂಗೆ, ಅಂದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿಗೆ, ತಿಳಿಸಿದರೆ ಮಾತ್ರ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆ ಅಪ್ಪಣೆ ಸಿಗುತ್ತದೆ. ಒಪ್ಪದಿದ್ದರೆ ಹಲವು ಕಾರುಗಳಲ್ಲಿ ಸ್ಟಾರ್ಟರ್ ತಿರುಗುತ್ತದೆ, ಇಂಜಿನ್ ಹತ್ತುವುದಿಲ್ಲ. ಕೆಲವದರಲ್ಲಿ ಹತ್ತಿ ಒಂದೆರಡು ಸೆಕೆಂಡಿನಲ್ಲೇ ಆರಿಹೋಗುತ್ತದೆ. ಈ ಗುಟ್ಟು ಹಂಚಿಕೊಂಡಿರುವುದು ಕೀಲಿ, ಇಮ್ಮೊಬಿಲೈಸರ್ ಘಟಕ ಮತ್ತು ಇಸಿಎಂಗಳ ನಡುವೆ ಮಾತ್ರ. ಬ್ಲಾಕ್, ಹೆಡ್, ಟರ್ಬೊ ಇವುಗಳಿಗೆ ಅದರ ಸಂಬಂಧವೇ ಇಲ್ಲ. ನಾನು ಇಡೀ ಕೆಲಸಕ್ಕೆ ಆಧಾರ ಮಾಡಿಕೊಂಡದ್ದು ಈ ಒಂದು ಸಂಗತಿಯನ್ನೇ.

ಕಾರಿನ ಮಾಲೀಕರು ಬೇರೆಯೇ ಸಲಹೆ ಕೇಳಿಕೊಂಡು ಬಂದಿದ್ದರು. "ಆ ಲಾಕ್ ಸಿಸ್ಟಮ್ಮನ್ನೇ ತೆಗೆಸಿಬಿಡಿ ಮಾರಾಯ್ರೆ, ರಗಳೆಯೇ ಬೇಡ" ಎಂದರು. ಇಸಿಎಂ ಒಳಗಿನ ಸಾಫ್ಟ್‌ವೇರನ್ನು ತಿದ್ದಿ ಕೀಲಿಯ ತಪಾಸಣೆಯನ್ನೇ ಅಳಿಸಿಕೊಡುವವರಿದ್ದಾರೆ ಎಂಬುದು ನಿಜ. ನಾನು ಅದಕ್ಕೆ ಒಪ್ಪಲಿಲ್ಲ. ತೋಟದ ಅಂಚಿನ ಒಂಟಿ ಮನೆಯಲ್ಲಿ, ಬಾಗಿಲಿಲ್ಲದ ಶೆಡ್ಡಿನಲ್ಲಿ ನಿಲ್ಲುವ ಕಾರು ಅದು. ಚಿಪ್ ತಪಾಸಣೆ ಹೋದರೆ ಅಂಗಡಿಯಲ್ಲಿ ಕೊರೆಸಿದ ಬರೀ ಲೋಹದ ಕೀಲಿಯಿಂದಲೂ ಅದು ಹತ್ತುತ್ತದೆ. ನಾಳೆ ಕಾರು ಕಳುವಾದರೆ ವಿಮೆಯವರ ಪ್ರಶ್ನೆಗೆ ಮಾಲೀಕರು ಏನು ಉತ್ತರ ಕೊಡಬೇಕು? ಮೂಲ ಇಸಿಎಂ, ಮೂಲ ಕೀಲಿ, ಮೂಲ ವೈರಿಂಗ್ ಉಳಿಸಿಕೊಂಡು ಕಬ್ಬಿಣವನ್ನಷ್ಟೇ ಬದಲಿಸೋಣ ಎಂದು ವಿವರಿಸಿದ ಮೇಲೆ ಅವರೂ ಒಪ್ಪಿದರು.

ಬಿಚ್ಚುವ ಮೊದಲೇ ಎರಡೂ ಕೀಲಿಗಳನ್ನು ತರಿಸಿ, ಇಗ್ನಿಷನ್ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನ ಕೀಲಿ ಚಿತ್ರದ ದೀಪ ಹತ್ತಿ ಆರುತ್ತದೆಯೇ ಎಂದು ನೋಡಿದೆ. ಎರಡರಲ್ಲೂ ಆರಿತು, ಅಂದರೆ ಎರಡೂ ಕೀಲಿಗಳನ್ನು ಇಮ್ಮೊಬಿಲೈಸರ್ ಒಪ್ಪಿದೆ. ಇಂಜಿನ್ ಕೆಟ್ಟಿದ್ದರೂ ಈ ಪರೀಕ್ಷೆ ಸಾಧ್ಯ, ಮತ್ತು ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಬಾಳುವ ಪರೀಕ್ಷೆ ಇನ್ನೊಂದಿಲ್ಲ, ಏಕೆಂದರೆ ಆಮೇಲೆ ತೊಂದರೆ ಬಂದರೆ ಅದು ಮೊದಲೇ ಇತ್ತೋ ಕೆಲಸದ ನಡುವೆ ಬಂತೋ ಎಂಬುದು ಸ್ಪಷ್ಟವಾಗುತ್ತದೆ. ಹಿಂದೆ ಯಾರೋ ಕೂರಿಸಿದ್ದ ಹೊರಗಿನ ಅಲಾರಂ ಒಂದು ಸ್ಟಾರ್ಟರ್ ವೈರಿನ ನಡುವೆ ರಿಲೇ ಹಾಕಿಕೊಂಡಿತ್ತು. ಅದು ಕಂಪನಿಯದಲ್ಲವಾದ್ದರಿಂದ ಮಾಲೀಕರನ್ನು ಕೇಳಿ ತೆಗೆದೆ.

ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಇಂಜಿನ್ ಬಂದದ್ದು ಬಿಲ್ಲಿನೊಂದಿಗೆ, ಅಳಿಸದ ಇಂಜಿನ್ ನಂಬರಿನೊಂದಿಗೆ. ಆ ನಂಬರ್ ಕಳವಿನ ವಾಹನದ್ದಲ್ಲ ಎಂದು ಖಚಿತಪಡಿಸಿಕೊಂಡೇ ಹಣ ಕೊಡಿಸಿದೆ. ಜೊತೆಗೆ ಬಂದ ಇಸಿಎಂಗೆ ನಾನು ಕೈ ಹಾಕಲಿಲ್ಲ. ಅದು ಬೇರೆ ಕಾರಿನ ಕೀಲಿಯನ್ನು ಮಾತ್ರ ಬಲ್ಲದು. ಬಳಸಲೇಬೇಕೆಂದರೆ ಆ ಕಾರಿನ ಇಮ್ಮೊಬಿಲೈಸರ್ ಘಟಕ ಮತ್ತು ಕೀಲಿಯೂ ಬೇಕು, ಇಲ್ಲವೇ ಆರ್‌ಸಿ ಮತ್ತು ಗುರುತಿನ ಚೀಟಿ ಹಿಡಿದು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹೊಸದಾಗಿ ಹೊಂದಿಸಬೇಕು.

ಇಂಜೆಕ್ಟರುಗಳ ವಿಷಯದಲ್ಲಿ ಸ್ವಲ್ಪ ಹೊತ್ತು ಯೋಚಿಸಿದೆ. ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಹೆಚ್ಚಿನ ಒತ್ತಡದ ಡೀಸೆಲ್ ಕೊಡುವ ಅನೇಕ ಕಾಮನ್ ರೈಲ್ ಇಂಜಿನ್ನುಗಳಲ್ಲಿ ಪ್ರತಿ ಇಂಜೆಕ್ಟರಿನ ಅಳತೆಯ ಕೋಡ್ ಸಿಲಿಂಡರಿನ ಕ್ರಮದಲ್ಲಿ ಇಸಿಎಂ ನೆನಪಿನಲ್ಲಿರುತ್ತದೆ. ಹಾಗಾಗಿ ಹಳೆಯ ಇಂಜಿನ್ನಿನ ಇಂಜೆಕ್ಟರುಗಳನ್ನೇ ಶಿವಮೊಗ್ಗದ ಡೀಸೆಲ್ ಪಂಪ್ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ, ಒಂದನೆಯದನ್ನು ಒಂದಕ್ಕೆ, ಎರಡನೆಯದನ್ನು ಎರಡಕ್ಕೆ ಎಂಬಂತೆ ಅದೇ ಕ್ರಮದಲ್ಲಿ ಕೂರಿಸಿದೆ.

ಎಲ್ಲ ಮುಗಿದು ಸ್ಟಾರ್ಟ್ ಮಾಡಿದಾಗ ಇಂಜಿನ್ ತಿರುಗಿತೇ ಹೊರತು ಹತ್ತಲಿಲ್ಲ. ನಿಂತು ನೋಡುತ್ತಿದ್ದವರೆಲ್ಲ ಇಮ್ಮೊಬಿಲೈಸರನ್ನೇ ದೂರಿದರು. ಆದರೆ ಕೀಲಿಯ ದೀಪ ಆರಿತ್ತು. ಸ್ಕ್ಯಾನರ್ ಹಾಕಿದರೆ ಬಂದದ್ದು ಇಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ದೋಷದ ಕೋಡ್ ಪಿ0335. ಕೀಲಿ ತಪ್ಪಾಗಿದ್ದರೆ ಪಿ0513ರಂತಹ ಕೋಡ್ ಬರಬೇಕಿತ್ತು. ಸ್ಟಾರ್ಟರ್ ತಿರುಗುವಾಗಲೂ ಆರ್‌ಪಿಎಂ ಸೊನ್ನೆಯೇ ತೋರಿಸುತ್ತಿತ್ತು. ತಂದ ಇಂಜಿನ್ನಿನಲ್ಲಿದ್ದ ಸೆನ್ಸರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಹಳೆಯ ಇಂಜಿನ್ನಿನ ಸೆನ್ಸರನ್ನು ಅಲ್ಲಿಗೆ ಹಾಕಿ, ಬ್ಲಾಕಿನಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ಥ್ ಪಟ್ಟಿಯ ಬುಡವನ್ನೂ ಉಜ್ಜಿ ಬಿಗಿದ ಮೇಲೆ ಇಂಜಿನ್ ಹತ್ತಿತು. ಎರಡನೆಯ ಕೀಲಿಯಿಂದಲೂ ಹತ್ತಿಸಿ ನೋಡಿದೆ.

ಇಂಜಿನ್ ನಂಬರ್ ಬದಲಾದುದನ್ನು 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮಿನಂತೆ ಆರ್‌ಸಿಯಲ್ಲಿ ನಮೂದಿಸಬೇಕು. ಬಿಲ್ಲು, ಹಳೆಯ ಮತ್ತು ಹೊಸ ನಂಬರುಗಳ ಫೋಟೊ, ವಿಮೆಯ ಪ್ರತಿ ಇವನ್ನೆಲ್ಲ ಜೋಡಿಸಿ ಮಾಲೀಕರಿಗೆ ಕೊಟ್ಟು, ಸಾಗರದ ಸಾರಿಗೆ ಕಚೇರಿಯಲ್ಲಿ ಅದು ಮುಗಿಯುವವರೆಗೆ ಹಳೆಯ ಬ್ಲಾಕನ್ನು ಗ್ಯಾರೇಜಿನಲ್ಲೇ ಇರಿಸಿಕೊಂಡೆ.